ಎಷ್ಟು ಹಾಕಲಿ ಎಂದು ಕೇಳಿದವರು

ಆಸ್ಪತ್ರೆ ಎಂದೊಡನೆ ಜನರ ಕಣ್ಣ ಮುಂದೆ ಬರುವುದು ವೈದ್ಯರು, ದಾದಿಯರು, ಔಷಧದ ವಾಸನೆ. ನೆಲಮಾಳಿಗೆಯ ಅಡುಗೆಮನೆ ಯಾರ ನೆನಪಿಗೂ ಬರುವುದಿಲ್ಲ. ಮುನ್ನೂರು ಹಾಸಿಗೆಗಳ ನಮ್ಮ ಆಸ್ಪತ್ರೆಯ ಆ ನೆಲಮಾಳಿಗೆಯನ್ನು ಇಪ್ಪತ್ತೊಂಬತ್ತು ವರ್ಷ ನಡೆಸಿ, ಅನ್ನವನ್ನು ಚೆಲ್ಲದೆ ಬಡಿಸುವುದೂ ನೀರನ್ನು ಪೋಲು ಮಾಡದೆ ತೊಳೆಯುವುದೂ ಔಷಧ ಕೊಡುವಷ್ಟೇ ಜವಾಬ್ದಾರಿಯ ಕೆಲಸವೆಂದು ನಡೆದು ತೋರಿಸಿದವರು, ಇದೇ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಆಹಾರ ವಿಭಾಗದ ಮೇಲ್ವಿಚಾರಕಿ. ಇಂದು ಬೇರೆ ಬೇರೆ ಊರುಗಳ ಆಸ್ಪತ್ರೆ, ವಿದ್ಯಾರ್ಥಿನಿಲಯಗಳಿಂದ ಜನ ಬಂದು ನಮ್ಮ ತೊಟ್ಟಿಗಳನ್ನೂ ಸೌಟುಗಳನ್ನೂ ನೋಡಿ ಬರೆದುಕೊಂಡು ಹೋಗುತ್ತಾರೆಂದರೆ ಅದು ಅವರ ದುಡಿಮೆಯ ಫಲ. ಈ ಅಭಿನಂದನಾ ಸಂಪುಟದಲ್ಲಿ ವೈದ್ಯರೂ ಪ್ರಾಧ್ಯಾಪಕರೂ ಅವರ ಕುರಿತು ತೂಕದ ಮಾತುಗಳನ್ನು ಬರೆದಿದ್ದಾರೆ. ಅದೇ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಪಾತ್ರೆ ತೊಳೆದ ನನಗೂ ನಾಲ್ಕು ಪುಟ ಬಿಟ್ಟುಕೊಟ್ಟ ಸಂಪಾದಕರಿಗೆ ನಮಸ್ಕಾರ. ನನಗೆ ಅಕ್ಷರ ತಡವಾಗಿ ಬಂದದ್ದು. ಸಾಲು ಓರೆಯಾಗಿದ್ದರೆ ಓದುವವರು ನೆಟ್ಟಗೆ ಮಾಡಿಕೊಳ್ಳಬೇಕು.

ಮೇಡಂ ಕೆಲಸಕ್ಕೆ ಸೇರಿದಾಗ ಅವರಿಗೆ ಮೂವತ್ತೊಂದು, ನನಗೆ ನಲವತ್ತನಾಲ್ಕು. ಹೊಸ ಅಧಿಕಾರಿಗಳು ಬಂದವರೇ ಮೊದಲು ಉಗ್ರಾಣದ ಬೀಗದ ಕೈ ಕೇಳುವುದು ರೂಢಿ. ಇವರು ಕೇಳಿದ್ದು ಒಂದು ಸ್ಟೂಲು. ಅದನ್ನು ಎಂಜಲು ತಟ್ಟೆಗಳು ಬಂದು ಬೀಳುವ ಮೂಲೆಯಲ್ಲಿ ಹಾಕಿಸಿಕೊಂಡು ಒಂದು ವಾರ ಸುಮ್ಮನೆ ಕೂತರು. ನಮ್ಮ ಮುಖ್ಯ ಅಡುಗೆಯವರು, ನಾವೆಲ್ಲ ಕೊಪ್ಪರಿಗೆ ಯಜಮಾನರೆಂದು ಕರೆಯುತ್ತಿದ್ದವರು, ತಡೆಯಲಾರದೆ ಕೇಳಿಯೇಬಿಟ್ಟರು: “ಅಡುಗೆ ನೋಡೋಕೆ ಬಂದವರು ಎಂಜಲು ಯಾಕೆ ನೋಡ್ತಾ ಕೂತಿದ್ದೀರಿ?”

“ಅಡುಗೆ ಹೇಗಿದೆ ಅಂತ ಎಂಜಲೇ ಹೇಳುತ್ತೆ ಯಜಮಾನ್ರೇ. ನಾವು ಹೇಳಿದ್ರೆ ಹೊಗಳಿಕೆ ಆಗುತ್ತೆ.”

ಆ ವಾರ ಅವರು ಮಾಡಿದ ಇನ್ನೊಂದು ಕೆಲಸವೆಂದರೆ, ತೊಟ್ಟಿಕ್ಕುತ್ತಿದ್ದ ನಲ್ಲಿಯ ಕೆಳಗೆ ಒಂದು ಲೋಟ ಇಟ್ಟದ್ದು. ಲೋಟ ತುಂಬಿದಾಗಲೆಲ್ಲ ಎದ್ದು ಅದನ್ನು ಕಾಳು ನೆನೆಸುವ ಪಾತ್ರೆಗೆ ಸುರಿದು ಬರುತ್ತಿದ್ದರು. ಸಂಜೆಯ ಹೊತ್ತಿಗೆ ಪಾತ್ರೆ ತುಂಬಿ ಹರಿಯಿತು. ಹತ್ತು ವರ್ಷದಿಂದ ಆ ಟಪ್ ಟಪ್ ಸದ್ದು ಕೇಳುತ್ತಿದ್ದ ನಮ್ಮ ಕಿವಿಗೆ ಅದು ಅಂದೇ ಮೊದಲ ಸಲ ಕೇಳಿಸಿತು. ಮರುದಿನ ಅವರೇ ಹಿಡಿಕೆ ಬಿಚ್ಚಿ ಒಳಗಿನ ರಬ್ಬರು ಬದಲಾಯಿಸಿದರು. ಅಲ್ಲಿಂದಾಚೆಗೆ ತರಕಾರಿ ತೊಳೆದ ನೀರು ಹಿತ್ತಲ ಗಿಡಗಳಿಗೆ, ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗುವುದು ನಮ್ಮ ಕೈಗೆ ತಾನಾಗಿಯೇ ಅಂಟಿಕೊಂಡಿತು.

ಅವರು ಬಂದ ಮೂರನೆಯ ವರ್ಷ ಆಸ್ಪತ್ರೆಯ ಕೊಳವೆಬಾವಿ ಬತ್ತಿತು. ಟ್ಯಾಂಕರಿನ ನೀರು ಹೆರಿಗೆ ವಾರ್ಡಿಗೇ ಸಾಲದಾಯಿತು. ಆಗಿನ ಆಡಳಿತಾಧಿಕಾರಿಗಳು ಒಂದು ಬೆಳಿಗ್ಗೆ ಮೆಟ್ಟಿಲಿಳಿದು ಬಂದು, ಹರಿಯುವ ನಲ್ಲಿಗಳನ್ನೂ ಹೊರಗೆ ಸಾಲಾಗಿ ನಿಂತ ಎಂಜಲಿನ ಬಕೆಟ್ಟುಗಳನ್ನೂ ನೋಡಿ, ಮೂರು ತಿಂಗಳಲ್ಲಿ ಎರಡೂ ಅರ್ಧಕ್ಕೆ ಇಳಿಯದಿದ್ದರೆ ಅಡುಗೆಮನೆಗೆ ಬೀಗ ಹಾಕಿ ಊಟವನ್ನು ಹೊರಗಿನ ಗುತ್ತಿಗೆದಾರರಿಂದ ತರಿಸುವುದಾಗಿ ಹೇಳಿ ಹೋದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಅಲ್ಲಿ ದುಡಿಯುತ್ತಿದ್ದವರು ಇಪ್ಪತ್ತೆರಡು ಜನ. ಅವರಲ್ಲಿ ಹದಿನಾರು ಹೆಂಗಸರು. ನನ್ನಂತೆ ಒಂಟಿ ಕೈಯಲ್ಲಿ ಸಂಸಾರ ಎಳೆಯುತ್ತಿದ್ದವರು ಒಂಬತ್ತು.

ಮೇಡಂ ಮೊದಲು ಹಿಡಿದದ್ದು ನೀರನ್ನು. ರೋಗಾಣುವಿನ ಭಯಕ್ಕೆ ಹಿಂದಿನ ಅಧಿಕಾರಿಗಳು ಮಾಡಿ, ಮೇಡಂ ಕೂಡ ಅದುವರೆಗೆ ಮುಟ್ಟದಿದ್ದ ಕಟ್ಟಳೆಯಂತೆ ನಾವು ಪ್ರತಿ ತಟ್ಟೆಯನ್ನೂ ಹರಿಯುವ ನಲ್ಲಿಯ ಕೆಳಗೇ ತೊಳೆಯುತ್ತಿದ್ದೆವು. ಮೇಡಂ ನನ್ನ ಪಕ್ಕ ಬಂದು ನಿಂತರು.

“ಅಕ್ಕಾ, ಮನೇಲೂ ಹೀಗೇ ತೊಳೀತೀರಾ?”

“ಮನೇಲಿ ಹೀಗೆ ತೊಳೆದಿದ್ರೆ ನಮ್ಮತ್ತೆ ನನ್ನನ್ನೇ ತೊಳೆದುಬಿಡ್ತಿದ್ರು ಮೇಡಂ!”

ನಗಲಿಲ್ಲ ಅವರು. “ಹಾಗಾದ್ರೆ ಅತ್ತೆ ಕಲಿಸಿದ್ದನ್ನ ತೋರಿಸಿ” ಎಂದರು. ಬೀದಿ ನಲ್ಲಿಯಿಂದ ಮೂರು ಮಹಡಿ ನೀರು ಹೊತ್ತವರಿಗೆ ತಿಳಿದಿರುವುದನ್ನೇ ತೋರಿಸಿದೆ. ತಟ್ಟೆಯನ್ನು ಒಣಗಿದ್ದಾಗಲೇ ಬಳಿದು ಒರೆಸುವುದು. ಮೊದಲ ತೊಟ್ಟಿಯಲ್ಲಿ ಸೋಪು, ಎರಡನೆಯದರಲ್ಲಿ ಜಾಲಾಡುವುದು, ಮೂರನೆಯದರಲ್ಲಿ ತಿಳಿನೀರು. ಮೂರನೆಯದು ಕದಡಿದರೆ ಅದೇ ಎರಡನೆಯದು, ಎರಡನೆಯದೇ ಮೊದಲನೆಯದು, ಮೊದಲನೆಯದು ಅಂಗಳ ತೊಳೆಯಲು. ಆಸ್ಪತ್ರೆಯಾದ್ದರಿಂದ ಕೊನೆಗೆ ಕುದಿನೀರಿನಲ್ಲಿ ಅದ್ದುವುದನ್ನು ಮೇಡಂ ಸೇರಿಸಿದರು. ರೋಗಾಣು ಪರೀಕ್ಷಿಸುವ ವೈದ್ಯರಿಂದ ತಟ್ಟೆಗಳನ್ನು ಮೂರು ಸಲ ಪರೀಕ್ಷೆ ಮಾಡಿಸಿ, ಅವರು ಒಪ್ಪಿದ ಮೇಲೆಯೇ ನಲ್ಲಿಗಳನ್ನು ನಿಲ್ಲಿಸಿದರು.

ಅನ್ನದ ಮಾತು ಅಷ್ಟು ಸುಲಭವಾಗಿರಲಿಲ್ಲ. ನಮ್ಮ ಸೌಟುಗಳು ದೊಡ್ಡವು. ಒಂದು ಸಲ ಬಡಿಸಿದರೆ ತಟ್ಟೆ ತುಂಬುತ್ತಿತ್ತು, ಕಾಯಿಲೆಯವರು ಅರ್ಧ ಬಿಡುತ್ತಿದ್ದರು. ಮೇಡಂ ದುರಸ್ತಿ ವಿಭಾಗದ ಬೆಸುಗೆಯವರಿಂದ ಅರ್ಧ ಅಳತೆಯ ಸೌಟುಗಳನ್ನು ಮಾಡಿಸಿದರು. ಮೊದಲು ಒಂದು ಸೌಟು ಹಾಕುವುದು, ಆಮೇಲೆ ಎರಡನೇ ಸುತ್ತು ಬಂದು “ಇನ್ನೂ ಬೇಕಾ?” ಎಂದು ಕೇಳುವುದು ಎಂಬ ಹೊಸ ಕ್ರಮ ಬಂತು. ಬಡಿಸುವವರು ಅವರಿಗೆ ಸೌಟಮ್ಮ ಎಂದು ಹೆಸರಿಟ್ಟದ್ದು ಆಗಲೇ. ತಿಂಗಳು ತುಂಬುವುದರೊಳಗೆ ಎಂಜಲಿನ ಬಕೆಟ್ಟುಗಳು ಹನ್ನೆರಡರಿಂದ ಆರಕ್ಕೆ ಇಳಿದವು. ಬದುಕಿದೆವು ಎಂದುಕೊಂಡೆವು. ಮೇಲಿನಿಂದ ಮೆಚ್ಚುಗೆಯ ಪತ್ರವೂ ಬಂತು.

ಇಲ್ಲಿಂದ ಮುಂದಿನದನ್ನು ಬರೆಯಲೇ, ಬೇಡವೇ ಎಂದು ಮೇಡಂ ಅವರನ್ನೇ ಕೇಳಿದೆ. “ಅದನ್ನ ಬಿಟ್ಟು ಬರೆಯೋದಾದ್ರೆ ಬರೀಲೇಬೇಡಿ ಅಕ್ಕಾ” ಎಂದರು. ಆದ್ದರಿಂದ ಬರೆಯುತ್ತಿದ್ದೇನೆ.

ಪಾತ್ರೆ ತೊಳೆಯುವವರಿಗೆ ತಟ್ಟೆಯ ಭಾಷೆ ತಿಳಿಯುತ್ತದೆ. ಹೊಟ್ಟೆ ತುಂಬಿದವರ ತಟ್ಟೆಯಲ್ಲಿ ಒಂದೆರಡು ಅಗುಳು ಅಂಚಿಗೆ ಅಂಟಿರುತ್ತದೆ. ತಿನ್ನಲಾರದವರ ತಟ್ಟೆಯಲ್ಲಿ ಅನ್ನ ಕಲಸಿದಂತೆಯೇ ಉಳಿದಿರುತ್ತದೆ. ಆ ತಿಂಗಳು ಗಂಡಸರ ಸಾಮಾನ್ಯ ವಾರ್ಡಿನಿಂದ ಬರತೊಡಗಿದ ತಟ್ಟೆಗಳು ಬೇರೆಯೇ ಇದ್ದವು. ನಡುವಿನಿಂದ ಅಂಚಿನವರೆಗೆ ಬೆರಳಿನಿಂದ ಬಳಿದ ಗೆರೆಗಳು. ನಾಲ್ಕು ದಿನ ನೋಡಿ ಸುಮ್ಮನಿದ್ದೆ. ಬಾಯಿ ಬಿಟ್ಟರೆ ನನ್ನ ಕೆಲಸವಷ್ಟೇ ಅಲ್ಲ, ಇಪ್ಪತ್ತೆರಡು ಮನೆಗಳ ಒಲೆ ಆರಬಹುದೆಂಬ ಅಂಜಿಕೆ. ಐದನೆಯ ದಿನ ತಡೆಯಲಾಗದೆ ಒಂದು ತಟ್ಟೆಯನ್ನು ಅವರ ಮೇಜಿನ ಮೇಲಿಟ್ಟೆ.

“ಚೆನ್ನಾಗಿದೆಯಲ್ಲಕ್ಕಾ, ಒಂದು ಅಗುಳೂ ಇಲ್ಲ.”

“ಅದನ್ನೇ ಹೇಳ್ತಿರೋದು ಮೇಡಂ. ಇದು ಉಂಡವರ ತಟ್ಟೆ ಅಲ್ಲ. ಹಸಿದವರ ತಟ್ಟೆ.”

ಬಾಗಿಲಲ್ಲಿ ನಿಂತಿದ್ದ ಕೊಪ್ಪರಿಗೆ ಯಜಮಾನರು ಹಣೆ ಚಚ್ಚಿಕೊಂಡರು. “ನಿಂಗ್ಯಾಕಮ್ಮ ಬೇಕಿತ್ತು ಈ ಉಸಾಬರಿ? ಇನ್ನೊಂದು ಆರು ವಾರ ತುಟಿ ಹೊಲ್ಕೊಂಡಿದ್ರೆ ಎಲ್ರೂ ದಡ ಸೇರ್ತಿದ್ವಿ!”

ಮೇಡಂ ಮೇಲಕ್ಕೆ, ಗಂಡಸರ ವಾರ್ಡಿಗೆ ಹೋದರು. ನನ್ನನ್ನೂ ಕರೆದುಕೊಂಡು ಹೋದರು. ಕಿಟಕಿಯ ಬಳಿಯ ಹಾಸಿಗೆಯಲ್ಲಿ ಗಡಿಯಾರ ರಿಪೇರಿಯ ಅಜ್ಜ ಒಬ್ಬರಿದ್ದರು. ಕಾಲಿನ ಗಾಯ ಮಾಯದೆ ತಿಂಗಳಿಂದ ಮಲಗಿದ್ದವರು. ಎರಡನೇ ಸುತ್ತಿನಲ್ಲಿ ಯಾಕೆ ಹಾಕಿಸಿಕೊಳ್ಳುವುದಿಲ್ಲವೆಂದು ಮೇಡಂ ಕೇಳಿದರು. ಅಜ್ಜ ಗೋಡೆಯ ಕಡೆ ನೋಡಿಕೊಂಡು ಹೇಳಿದರು: “ಬೇಕಾ ಅಂತ ಕೇಳಿದ್ರೆ ಬೇಕು ಅಂತ ಹೇಗನ್ನೋದಮ್ಮಾ? ಪಕ್ಕದವನು ಬೇಡ ಅಂದಿರ್ತಾನೆ. ಬಿಟ್ಟಿ ಊಟ, ಅದರ ಮೇಲೆ ಇನ್ನಷ್ಟು ಬೇಕು ಅಂದ್ರೆ ಮುಖ ಎಲ್ಲಿಟ್ಕೊಳ್ಳೋದು?”

ಮೇಡಂ ಆ ವಾರ್ಡಿನವರ ತೂಕದ ಪಟ್ಟಿ ತರಿಸಿ ನೋಡಿದರು. ಆ ಒಂದು ತಿಂಗಳಲ್ಲಿ ಏಳು ಜನ ಸೊರಗಿದ್ದರು. ಕೆಳಗಿಳಿದು ಬಂದರು. ಆಮೇಲೆ ಎಲ್ಲರನ್ನೂ ಕೂಡಿಸಿ ಹೇಳಿದ್ದು ಇಷ್ಟು: “ತಪ್ಪು ನನ್ನದು. ಎಂಜಲು ಇಳಿಸಿದೆ ಅಂದ್ಕೊಂಡಿದ್ದೆ. ಊಟ ಇಳಿಸಿದ್ದೆ.”

ಮರುದಿನ ಮಧ್ಯಾಹ್ನ ಅನ್ನದ ಗಾಡಿಯನ್ನು ಅವರೇ ತಳ್ಳಿಕೊಂಡು ಹೊರಟರು. ಸೌಟು ಅದೇ ಚಿಕ್ಕದು. ಕೇಳುವ ಮಾತು ಮಾತ್ರ ಬೇರೆ. ಎರಡನೇ ಸುತ್ತಿನಲ್ಲಿ ಹಾಸಿಗೆಯ ಪಕ್ಕ ನಿಂತು, ಬೇಕೇ ಬೇಡವೇ ಎನ್ನದೆ, “ಎಷ್ಟು ಹಾಕಲಿ?” ಎಂದರು. ಗಡಿಯಾರದ ಅಜ್ಜ ಮುಖ ಎತ್ತಿ ನೋಡಿ, “ಎರಡು ಸೌಟು” ಎಂದರು. ಆಮೇಲೆ ಮೂರನೆಯದನ್ನೂ ಹಾಕಿಸಿಕೊಂಡರು. ಬೇಕು ಎನ್ನಲು ನಾಚುವವರಿಗೂ ಇಷ್ಟು ಎನ್ನಲು ನಾಚಿಕೆಯಿರಲಿಲ್ಲ.

ಅಂದೇ ಸಂಜೆ ಮೇಡಂ ಆಡಳಿತಾಧಿಕಾರಿಗಳಿಗೆ ಪತ್ರ ಬರೆದರು. ತಾವು ತಿಳಿಸಿದ್ದ ಇಳಿಕೆ ರೋಗಿಗಳನ್ನು ಅರೆಹೊಟ್ಟೆಯಲ್ಲಿಟ್ಟು ಬಂದದ್ದೆಂದೂ ಅದನ್ನು ಲೆಕ್ಕಕ್ಕೆ ಹಿಡಿಯಬಾರದೆಂದೂ ತಿಳಿಸಿ, ಮೆಚ್ಚುಗೆಯ ಪತ್ರವನ್ನೂ ಅದರ ಜೊತೆ ಹಿಂದಿರುಗಿಸಿದರು. ಬಕೆಟ್ಟುಗಳು ಮತ್ತೆ ಏರಿ ಒಂಬತ್ತಾದವು. ಯಜಮಾನರು ಎರಡು ದಿನ ನನ್ನೊಡನೆ ಮಾತು ಬಿಟ್ಟರು.

ಮೇಡಂ ಮಾತ್ರ ಮತ್ತೆ ಆ ಸ್ಟೂಲಿನ ಮೇಲೆ ಬಂದು ಕೂತರು. ಈ ಸಲ ನೋಡಿದ್ದು ಮುಟ್ಟದೆ ಹಿಂದಿರುಗುವ ತಟ್ಟೆಗಳನ್ನು. ಒಂದೊಂದರ ಬೆನ್ನು ಹತ್ತಿ ವಾರ್ಡಿಗೆ ಹೋದಾಗ ಬಯಲಾದದ್ದೇನೆಂದರೆ, ಶಸ್ತ್ರಚಿಕಿತ್ಸೆಗೆಂದು ಉಪವಾಸ ಇಟ್ಟವರಿಗೂ ಹಿಂದಿನ ದಿನವೇ ಮನೆಗೆ ಹೋದವರಿಗೂ ನಾವು ವರ್ಷಗಟ್ಟಲೆ ಊಟ ಕಳಿಸುತ್ತಿದ್ದೆವು! ಖಾಲಿ ಹಾಸಿಗೆಗೆ ಬಿಸಿಯನ್ನ. ದಾದಿಯರು ನಮಗೆ ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಪ್ರತಿ ವಾರ್ಡಿನಿಂದ ಅಂದು ಉಣ್ಣುವವರೆಷ್ಟು ಎಂಬ ಒಂದು ಚೀಟಿ ಬರಬೇಕೆಂಬ ಕ್ರಮವನ್ನು ಅವರು ತಂದರು. ಅಂದಿನಿಂದ ಅಕ್ಕಿ ಅಳೆಯುವಾಗಲೇ ಎಂಜಲು ಕಡಿಮೆಯಾಯಿತು.

ಮೂರು ತಿಂಗಳು ತುಂಬಿದ ದಿನ ಆಡಳಿತಾಧಿಕಾರಿಗಳು ಬಂದರು. ನೀರು ಅರ್ಧಕ್ಕಿಂತ ಕೆಳಗಿಳಿದಿತ್ತು. ಬಕೆಟ್ಟುಗಳು ಏಳಿದ್ದವು, ಬೇಕಾದದ್ದು ಆರು. ನಾವು ಗೋಡೆಗೆ ಒತ್ತಿಕೊಂಡು ನಿಂತಿದ್ದೆವು.

“ಅರ್ಧ ಅಂದಿದ್ದೆ” ಎಂದರು ಅವರು.

“ಹೌದು ಸರ್. ಉಳಿದ ಒಂದನ್ನ ಯಾರ ತಟ್ಟೆಯಿಂದ ತೆಗೀಲಿ ಅಂತ ನೀವೇ ತೋರಿಸಿಕೊಡಿ. ಊಟದ ಹೊತ್ತಾಯ್ತು, ಬನ್ನಿ” ಎಂದು ಮೇಡಂ ಗಾಡಿಯ ಹಿಡಿಯನ್ನು ಅವರ ಕಡೆಗೆ ತಿರುಗಿಸಿದರು.

ಅವರು ಹೋದರು. ಎರಡು ವಾರ್ಡು ಸುತ್ತಿ, ಸೌಟು ಹಿಡಿದು ತಾವೂ ಬಡಿಸಿ, ಅಂಗಿಯ ತೋಳಿಗೆ ಬೇಳೆಯ ಕಲೆ ಮಾಡಿಕೊಂಡು ಬಂದು, “ಚೀಟಿ ತಪ್ಪಿಸಬೇಡಿ” ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು. ಬೀಗ ಬರಲಿಲ್ಲ. ಯಜಮಾನರು ನನ್ನ ಪಾಲಿನ ಅನ್ನಕ್ಕೆ ಅಂದು ತಾವೇ ಬೇಳೆ ಹುಯ್ದು, “ತಗೋ, ಬಾಯಾಳಿ” ಎಂದರು.

ತಿಂಗಳ ಬಳಿಕ, ಈ ಕೆಲಸದ ಕುರಿತು ಮೇಡಂ ಬರೆದ ವರದಿ ಅಚ್ಚಾಗಿ ಬಂತು. “ನಿಮ್ಮ ಹೆಸರಿದೆ ಅಕ್ಕಾ ಇದರಲ್ಲಿ” ಎಂದು ಮೇಡಂ ಒಂದು ಸಾಲಿನ ಮೇಲೆ ಬೆರಳಿಟ್ಟರು. ನನಗೆ ಕಂಡದ್ದು ಅವರ ಬೆರಳು ಮಾತ್ರ. ಅವರಿಗೆ ಅರ್ಥವಾಯಿತು, ಓದಿ ಹೇಳಲಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯ ರಾತ್ರಿ ಶಾಲೆಗೆ ನನ್ನನ್ನು ಸೇರಿಸಿದರು. ವಾರಕ್ಕೆರಡು ಸಂಜೆ ನನ್ನ ಪಾಳಿ ಮುಗಿಯುವ ಮೊದಲೇ ಪಾಠ ಶುರುವಾಗುತ್ತಿತ್ತು. ಆ ಸಂಜೆಗಳಲ್ಲಿ ನನ್ನ ಮೂರು ತೊಟ್ಟಿಗಳ ಮುಂದೆ ತೋಳು ಮಡಚಿ ನಿಂತು ತಟ್ಟೆ ತೊಳೆದವರು ಈ ವಿಭಾಗದ ಮೇಲ್ವಿಚಾರಕಿ. ಒಂದು ದಿನವಲ್ಲ, ನಾಲ್ಕು ವರ್ಷ. ನಾನು ಯಾರ ನೆರವಿಲ್ಲದೆ ಓದಿದ ಮೊದಲ ಅಚ್ಚಿನ ಪುಟ ಅದೇ ವರದಿಯದು. “ಮೂರು ತೊಟ್ಟಿಯ ಕ್ರಮ ನನ್ನದಲ್ಲ, ಪಾತ್ರೆ ತೊಳೆಯುವ ವಿಭಾಗದ ಇವರದು, ನನ್ನ ತಪ್ಪನ್ನು ಕಂಡು ಹೇಳಿದವರೂ ಇವರೇ” ಎಂದು ನನ್ನ ಹೆಸರಿನ ಮುಂದೆ ಅದರಲ್ಲಿತ್ತು.

ನಮ್ಮ ಮನೆಗಳೂ ಅವರಿಂದಾಗಿ ಬದಲಾದವು. “ನಿಮ್ಮ ಮೇಡಂ ನಮ್ಮನೆ ನಲ್ಲಿಗೂ ಕಾವಲು ಕೂತಿದ್ದಾರಾ ಅತ್ತೇ?” ಎಂದು ನನ್ನ ಸೊಸೆ ಇಂದಿಗೂ ಛೇಡಿಸುತ್ತಾಳೆ. ಆದರೆ ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕುವವಳೂ, ಮಕ್ಕಳ ತಟ್ಟೆಯ ಮುಂದೆ ನಿಂತು ಎಷ್ಟು ಹಾಕಲಿ ಎಂದು ಕೇಳುವವಳೂ ಅವಳೇ.

ಮೇಡಂ ಇನ್ನು ಮುಂದೆ ಶಾಲೆಗಳ ಅಡುಗೆಮನೆಗಳಿಗೆ ಹೋಗಿ ಕಲಿಸಲಿದ್ದಾರಂತೆ. ಸ್ಟೂಲನ್ನು ತಮ್ಮೊಡನೆ ಒಯ್ಯಲು ಆಸ್ಪತ್ರೆಯ ಒಪ್ಪಿಗೆಯನ್ನೂ ಪಡೆದಿದ್ದಾರೆ. ಅವರ ಆ ಕೆಲಸಕ್ಕೆ ಕಾಲಿನ ಶಕ್ತಿಯೂ ಕಣ್ಣಿನ ಬೆಳಕೂ ಕೊನೆಯವರೆಗೆ ಒದಗಲಿ. ಅವರು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು. ಇನ್ನೂ ಬೇಕಾ ಎಂದು ಯಾರು ಕೇಳಿದರೂ ಸಾಕು ಎಂದುಬಿಡುವವರು. ಇದನ್ನು ಜೊತೆಯಲ್ಲಿದ್ದಷ್ಟೂ ವರ್ಷ ಕಂಡಿದ್ದೇನೆ. ಆದ್ದರಿಂದ ಆಯುಸ್ಸು ಬಡಿಸುವವನಲ್ಲಿ, ಎಪ್ಪತ್ತಮೂರು ತುಂಬಿದ ನನ್ನದೊಂದು ಬಿನ್ನಹ. ನಮ್ಮ ಮೇಡಂ ಎದುರು ಬಂದಾಗ ಬೇಕೇ ಎಂದು ಮಾತ್ರ ಕೇಳಬೇಡಪ್ಪಾ. ಎಷ್ಟು ಹಾಕಲಿ ಎಂದು ಕೇಳು. ದೊಡ್ಡ ಸೌಟು ಹಿಡಿದು ಕೇಳು.