ವಿಮಲಾ ಟೀಚರ್ ಕುಗ್ಗಿಸಿದ ಚೀಲ

ಅಥವಾ ಅದು ಕಂಡಕ್ಟರನ ಸ್ವೆಟರ್ ಆಗಿರಲಿಲ್ಲವೋ ಏನೋ, ಡ್ರೈವರನದ್ದೂ ಇರಬಹುದು. ಹಳೇಬೀಡಿನ ಬಸ್ಸಿನಲ್ಲಿ ವಿಮಲಾ ಟೀಚರ್ ಗುರುತಿಲ್ಲದ ಗಂಡಸೊಬ್ಬನ ಸ್ವೆಟರಿನ ಅಂಚು ಹಿಡಿದು, ಒಳಮಗ್ಗುಲನ್ನು ಹೊರಗೆ ಮಡಚಿ ನೋಡಿದ್ದಂತೂ ನಿಜ. ಆತ ಬೆಚ್ಚಿಬಿದ್ದು, "ಏನಮ್ಮಾ ಇದು?" ಎಂದ. "ಸುಮ್ನಿರಪ್ಪ, ನೂಲಿನ ಗಂಟು ಎಲ್ಲಿ ಬಚ್ಚಿಟ್ಟಿದಾರೆ ನೋಡ್ತಿದೀನಿ" ಎಂದರು ಟೀಚರ್. ಇದನ್ನು ನಾನೇ ಕಂಡೆನೋ, ಗೆಳತಿಯರು ಹೇಳಿ ಹೇಳಿ ಕಂಡಂತಾಯಿತೋ, ಈಗ ಬೇರ್ಪಡಿಸಲಾರೆ. "ಮುಂದ್ಗಡೆ ಎಲ್ರೂ ಚೆನ್ನಾಗೇ ಹಾಕ್ತಾರೆ ಕಣ್ರೇ, ತಿರುಗ್ಸಿ ನೋಡಿ" ಎಂದು ಅವರು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದುದರಲ್ಲಿ ಮಾತ್ರ ಅನುಮಾನವಿಲ್ಲ.

ಅರಸೀಕೆರೆಯಲ್ಲಿ ಸ್ವೆಟರ್ ಬೇಕೆನಿಸುವುದು ವರ್ಷಕ್ಕೆ ಮೂರೋ ನಾಲ್ಕೋ ವಾರ. ಆದರೂ ತೊಂಬತ್ತರ ದಶಕದಲ್ಲಿ ನಮ್ಮ ಬಡಾವಣೆಯ ಮಹಿಳಾ ಸಮಾಜದ ಹಿಂದಿನ ಕೋಣೆಯಲ್ಲಿ ನಾವು ಏಳು ಹುಡುಗಿಯರು ಫ್ಯಾನಿನ ಕೆಳಗೆ ಬೆವರುತ್ತ ಸ್ವೆಟರ್ ಹೆಣೆಯುತ್ತಿದ್ದೆವು. ಪಿಯುಸಿ ಮುಗಿದಿತ್ತು, ಗಂಡು ಸಿಕ್ಕಿರಲಿಲ್ಲ. ನೋಡಲು ಬಂದವರಿಗೆ "ಹುಡುಗಿಗೆ ಹೆಣಿಗೆ ಬರುತ್ತೆ" ಎನ್ನಬಹುದಿತ್ತು. ಬಂದವರು ಯಾರೂ ಸ್ವೆಟರ್ ಕೇಳಲಿಲ್ಲ, ಆ ಮಾತು ಬೇರೆ. ಕ್ರಾಫ್ಟ್ ಟೀಚರಾಗಿ ನಿವೃತ್ತರಾಗಿದ್ದ, ಮನೆಯಲ್ಲಿ ಒಬ್ಬರೇ ಇದ್ದ ವಿಮಲಾ ಟೀಚರ್‌ಗೆ ಮಾತ್ರ ಆ ತರಗತಿ ಕಾಲ ಕಳೆಯುವ ಉಪಾಯವಾಗಿರಲಿಲ್ಲ. ಭಾನುವಾರ ತರಗತಿ ಇಲ್ಲವೆಂದು ಭಾನುವಾರದ ಮೇಲೇ ಸಿಟ್ಟಾಗುತ್ತಿದ್ದರು.

ಆ ಕೋಣೆಯ ಮೇಲೆ ಅಧ್ಯಕ್ಷೆ ಸುಲೋಚನಾ ಮೇಡಂ ಕಣ್ಣು ಬಿತ್ತು. "ಹೆಣಿಗೆ ಯಾರಿಗೆ ಬೇಕು ವಿಮಲಾ? ಈಗ ಬ್ಯೂಟಿಷಿಯನ್ ಕೋರ್ಸ್ ಕಾಲ. ವಾರ್ಷಿಕೋತ್ಸವದ ಪ್ರದರ್ಶನಕ್ಕೆ ಏನಾದ್ರೂ ಹೊಸದು ಮಾಡಿ ತೋರ್ಸಿ. ಇಲ್ದಿದ್ರೆ ರೂಮು ಬಿಟ್ಕೊಡಿ" ಎಂದರು. ಮಹಿಳೆಯರ ಏಳಿಗೆಗೆಂದೇ ಹುಟ್ಟಿದ ಸಂಸ್ಥೆಯಾದ್ದರಿಂದ ಈ ಮಾತನ್ನು ನಗುನಗುತ್ತಲೇ ಹೇಳಿದರು.

ಹೊಸದು ಸಿಕ್ಕಿದ್ದು ಹಳೇಬೀಡಿನಲ್ಲಿ. ತರಗತಿಯವರೆಲ್ಲ ಒಂದು ದಿನದ ಪ್ರವಾಸ ಹೋಗಿದ್ದೆವು. ನಾವು ಶಿಲ್ಪಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ, ಟೀಚರ್ ಒಬ್ಬ ವಿದೇಶಿ ಹೆಂಗಸಿನ ಹಿಂದೆ ಗುಡಿಯನ್ನು ಎರಡು ಸುತ್ತು ಹಾಕಿದರು. ಆಕೆಯ ಹೆಗಲಲ್ಲಿ ಕಂಬಳಿಯಷ್ಟು ದಪ್ಪದ, ಹೊಲಿಗೆಯೇ ಕಾಣದ ಉಣ್ಣೆಯ ಚೀಲವಿತ್ತು. ಆಕೆ ಕೈಸನ್ನೆಯಲ್ಲೇ ವಿವರಿಸಿದಳು: ಕಡ್ಡಿಯಲ್ಲಿ ಹೆಣೆ, ಕುದಿವ ನೀರಲ್ಲಿ ಹಾಕು, ತಿಕ್ಕು. ಕೊನೆಗೆ ದೂರವಿದ್ದ ಎರಡು ಅಂಗೈಗಳನ್ನು ಹತ್ತಿರ ತಂದು ತೋರಿಸಿದಳು. "ಗುಡಿ ನೋಡ್ಲೇ ಇಲ್ವಲ್ಲ ಮಿಸ್" ಎಂದರೆ, "ಕಲ್ಲು ಎಲ್ಲೂ ಹೋಗಲ್ಲ ಕಣೇ, ಆಯಮ್ಮ ಹೋಗ್ಬಿಡ್ತಾಳೆ" ಎಂದರು.

ಹಾರನಹಳ್ಳಿಯಲ್ಲಿ ಕಂಬಳಿ ನೇಯುವ ನಿಂಗಜ್ಜನ ಹತ್ತಿರ ಕರಿ ಕುರಿಯ ನೂಲು ಕೇಳಲು ಹೋದಾಗ ಜೊತೆಯಲ್ಲಿ ನಾನಿದ್ದೆ.

"ಬಿಸ್ನೀರಿಗೆ ಹಾಕ್ಬ್ಯಾಡಿ ಟೀಚರಮ್ಮ, ಮುದುಡ್ಕಂತದೆ. ನನ್ ಸೊಸೆ ಹಂಗೇ ಒಂದು ಕಂಬ್ಳಿ ಕೆಡ್ಸವ್ಳೆ. ಇನ್ನೂ ಬೈತಾವ್ನಿ."

"ಮುದುಡ್ಲಿ ಅಂತಾನೇ ತಗೊಂಡೋಗ್ತಿರೋದು ಅಜ್ಜ."

"ಅಂಗಾರೆ ನನ್ ಸೊಸೇನೇ ಕರ್ಕಂಡೋಗಿ."

ಟೀಚರ್ ಮೊದಲು ಅಂಗೈಯಗಲದ ತುಂಡು ಹೆಣೆದು, ಬಿಸಿನೀರಿನಲ್ಲಿ ತಿಕ್ಕಿ ಅಳೆದರು. ಮೂರು ಬೆರಳಗಲಕ್ಕೆ ಒಂದು ಬೆರಳಗಲ ಕುಗ್ಗುತ್ತಿತ್ತು. ಆ ಲೆಕ್ಕ ಹಿಡಿದು ಹೆಣೆದ ಚೀಲ ಅರ್ಧ ಮೂಟೆ ಕೊಬ್ಬರಿ ಹಿಡಿಸುವಷ್ಟಾಯಿತು. ಅದನ್ನು ನೋಡಿದ ಸುಲೋಚನಾ ಮೇಡಂ, "ಕುರಿ ಮಲಗಿದ ಹಾಗಿದೆಯಲ್ರೀ! ಕೆಂಪು ಹೂವು ಹಾಕಿ" ಎಂದು ಪೇಟೆಯಿಂದ ಉಲ್ಲನ್ ಉಂಡೆ ತರಿಸಿಕೊಟ್ಟರು. ಟೀಚರ್ ಚೀಲದ ಮುಂಭಾಗ ಬಿಚ್ಚಿ, ಐದು ಹೂವು ಸೇರಿಸಿ ಮತ್ತೆ ಹೆಣೆದರು. ಕೆಂಪು ನೂಲಿನ ತುಂಡನ್ನು ಮಾತ್ರ ಬಿಸಿನೀರಿಗೆ ಹಾಕಿ ನೋಡಲಿಲ್ಲ. ನೋಡುವುದೇನಿದೆ, ಮೂವತ್ತು ವರ್ಷದಿಂದ ಹೆಣೆದ ಉಲ್ಲನ್ನೇ ಅಲ್ಲವೇ?

ಪ್ರದರ್ಶನದ ಹಿಂದಿನ ದಿನ ಅವರ ಮನೆಯ ಹಿತ್ತಲಲ್ಲಿ ಹಂಡೆ ಕುದಿಯಿತು. ಸೋಪು ನೀರಿಗೆ ಅದ್ದಿ, ಒಗೆಯುವ ಕಲ್ಲಿನ ಮೇಲೆ ಸರದಿಯಂತೆ ತಿಕ್ಕಿದೆವು. ತಣ್ಣೀರಿಗೆ ಹಾಕಿ ಮತ್ತೆ ಬಿಸಿನೀರಿಗೆ ಹಾಕಿದೆವು. ಚೀಲ ಕಣ್ಣೆದುರಿಗೇ ಕುಗ್ಗುತ್ತ, ದಪ್ಪಗಾಗುತ್ತ ಬಂತು. ಹೂವುಗಳು ಕುಗ್ಗಲಿಲ್ಲ. ಇಡೀ ಊರು ಉಲ್ಲನ್ ಎಂದು ಕರೆಯುತ್ತಿದ್ದ ಆ ನೂಲು ಯಾವ ಕುರಿಯ ಮೈಮೇಲೂ ಬೆಳೆದದ್ದಲ್ಲ, ಕಾರ್ಖಾನೆಯ ಪ್ಲಾಸ್ಟಿಕ್ಕಿನ ಎಳೆ. ಸುತ್ತಲ ಉಣ್ಣೆ ಬಿಗಿದಂತೆ ಐದು ಹೂವೂ ಮಂಗನಬಾವು ಬಂದ ಕೆನ್ನೆಗಳಂತೆ ಊದಿಕೊಂಡವು. ನಮ್ಮಲ್ಲೊಬ್ಬಳಾದ ಗಿರಿಜಾ ನಕ್ಕುಬಿಟ್ಟಳು. ಟೀಚರ್ ಚೀಲವನ್ನು ಒಳಗೆ ಹೊರಗೆ ತಿರುಗಿಸಿ ಬಹಳ ಹೊತ್ತು ನೋಡಿದರು. "ತಪ್ಪು ನಂದು. ಇದನ್ನೂ ಒಂದು ತುಂಡು ಹಾಕಿ ನೋಡ್ಬೇಕಿತ್ತು" ಎಂದರು. ಬೇರೆ ಹೆಣೆಯಲು ಹೊತ್ತಿರಲಿಲ್ಲ.

ಮರುದಿನ ಮುಖ್ಯ ಅತಿಥಿಯಾಗಿ ಬಂದಿದ್ದ ಅಧಿಕಾರಿಯ ಪತ್ನಿ ಎಲ್ಲ ಬಿಟ್ಟು ಅದನ್ನೇ ಎತ್ತಿಕೊಂಡರು. "ಎಷ್ಟು ಚೆನ್ನಾಗಿ ಉಬ್ಬಿದೆ! ಹಳೇಬೀಡಿನ ಶಿಲ್ಪದ ಥರ!"

"ಹೌದು ಮೇಡಂ, ಹೊಯ್ಸಳ ಶೈಲಿ" ಎಂದರು ಸುಲೋಚನಾ ಮೇಡಂ, ಕಣ್ಣು ಮಿಟುಕಿಸುವುದರೊಳಗೆ. "ನಮ್ಮ ಸಮಾಜದ್ದೇ ಸಂಶೋಧನೆ. ವಿಮಲಾ, ಎರಡು ಮಾತಾಡಿ."

ಹೌದು ಎಂದಿದ್ದರೆ ಸಾಕಿತ್ತು. ಕೋಣೆ ಉಳಿಯುತ್ತಿತ್ತು. ಟೀಚರ್ ಮೈಕಿನ ಮುಂದೆ ನಿಂತು, "ಇದು ಶೈಲಿ ಅಲ್ಲಮ್ಮ, ತಪ್ಪಾಗಿರೋದು. ಕರಿ ನೂಲು ಕುಗ್ತು, ಕೆಂಪು ಕುಗ್ಲಿಲ್ಲ. ಮುಂದಿನ್ವರ್ಷ ಸರಿಯಾಗಿ ಮಾಡಿ ತೋರಿಸ್ತೀನಿ" ಎಂದರು. ಮೈಕೇ ಇರಲಿಲ್ಲ, ಅತಿಥಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದರು ಎನ್ನುತ್ತಾಳೆ ಗಿರಿಜಾ. ಇರಬಹುದು. ಆಮೇಲಿನದರ ಬಗ್ಗೆ ನಮ್ಮಿಬ್ಬರಲ್ಲೂ ಭಿನ್ನಾಭಿಪ್ರಾಯವಿಲ್ಲ. ಸುಲೋಚನಾ ಮೇಡಂ ನಕ್ಕು, "ಟೀಚರ್‌ಗೆ ಸಂಕೋಚ" ಎಂದು ನಮ್ಮ ಕಡೆ ತಿರುಗಿದರು. "ನೀವ್ ಹೇಳ್ರಮ್ಮ, ಬೇಕು ಅಂತ್ಲೇ ಉಬ್ಬಿಸಿದ್ದು ತಾನೇ?"

"ಹೌದು ಮೇಡಂ" ಎಂದೆ. ಏಳು ಜನರಲ್ಲಿ ಮೊದಲು ಹೇಳಿದ್ದು ನಾನೇ.

ಚಪ್ಪಾಳೆ ಬಿತ್ತು. ಚೀಲ ಅಧ್ಯಕ್ಷೆಯ ಮನೆಯ ಶೋಕೇಸ್ ಸೇರಿತು. ಸಭೆಯಲ್ಲಿ ಮುಜುಗರ ಮಾಡಿದವರಿಗೆ ಕೋಣೆ ಉಳಿಯಲಿಲ್ಲ. ತಿಂಗಳೊಳಗೆ ಅಲ್ಲಿ ದೊಡ್ಡ ಕನ್ನಡಿಗಳು ಬಂದವು. ಹುಬ್ಬು ತಿದ್ದುವುದನ್ನು ನಾನು ಕಲಿತದ್ದು ಅಲ್ಲೇ.

ಎಂಟೋ ಹತ್ತೋ ವರ್ಷಗಳ ನಂತರ ಅರಸೀಕೆರೆ ಬಸ್ ನಿಲ್ದಾಣದಲ್ಲಿ ಟೀಚರ್ ಸಿಕ್ಕರು. ಹತ್ತಿರದ ಗಂಡಸಿ ಎಂಬ ಊರಿನಲ್ಲಿ ತಂಗಿಯ ಮನೆಯಲ್ಲಿದ್ದರು. ನಮ್ಮ ಏಳು ಜನರ ಹೆಸರನ್ನೂ ಹೇಳಿದರು. ಸಾವಿತ್ರಿಯ ಎಡಗೈ ಹೆಣಿಗೆ, ನನ್ನ ಬಿಗಿ ಕುಣಿಕೆ, ಎಲ್ಲ ನೆನಪಿತ್ತು. ಧೈರ್ಯ ಮಾಡಿ ನಾನು, "ಮಿಸ್, ಆವತ್ತು ಆ ಹೂವಿನ ವಿಷಯದಲ್ಲಿ ನಾನು..." ಎಂದೆ.

"ಯಾವ ಹೂವೇ? ಆ ಚೀಲಕ್ಕೆ ನಾನು ಹೂವು ಹಾಕೇ ಇರ್ಲಿಲ್ವಲ್ಲ" ಎಂದು ಗಂಡಸಿ ಬಸ್ಸು ಹತ್ತಿದರು. ಮರುವರ್ಷ ತೀರಿಕೊಂಡರೆಂದು ಕೇಳಿದೆ.

ನಿಜವಾಗಿ ಮರೆತಿದ್ದರೋ, ನನ್ನ ಮಾತು ಮುಗಿಯುವುದು ಬೇಡವೆಂದು ಹಾಗೆಂದರೋ, ನನಗೆ ಗೊತ್ತಿಲ್ಲ.