ಡ್ರಾ ಆದ ಸರಣಿ, ಸೋಮಪ್ಪನ ಮಾತು

ಮೂರು ಟೆಸ್ಟ್‌ಗಳ ಸರಣಿಯಲ್ಲಿ ಭಾರತ ಮೊದಲನೆಯದನ್ನು ಹೀನಾಯವಾಗಿ ಸೋತ ದಿನ ಕಮರಿಪೇಟೆಯ ಸೋಮಪ್ಪ, ಕೆಲಸಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದ ಮಗಳಿಗೆ ಮಾತು ಕೊಟ್ಟ: “ಸರಣಿ ಗೆದ್ರ ನೀ ತಾರಿಹಾಳದ ಫ್ಯಾಕ್ಟರ್ಯಾಗ ಲೇತ್ ಮಷೀನ್ ಕೆಲಸಕ್ಕ ಹೋಗು.” ಗೆಲ್ಲುವುದಿಲ್ಲವೆಂಬ ಖಾತ್ರಿಯಲ್ಲೇ ಅಂದದ್ದು. ಎರಡನೆಯದನ್ನು ಗೆದ್ದುಬಿಟ್ಟರು. ಕೊನೆಯ ಟೆಸ್ಟಿನ ಕೊನೆಯ ದಿನ ಎದುರಾಳಿಗಳದು ಒಂದೇ ವಿಕೆಟ್ ಉಳಿದಿತ್ತು. ನಮ್ಮವನು ಕ್ಯಾಚ್ ಕೈಬಿಟ್ಟ.

“ಛಲೋ ಆತು!” ಎಂದು ಸೋಮಪ್ಪ ಕೂಗಿಬಿಟ್ಟ.

“ಹುಚ್ಚ ಹಿಡದೈತೇನ್ರಿ ನಿಮಗ?” ಎಂದಳು ಹೆಂಡತಿ ಕಸ್ತೂರೆವ್ವ. ಹಿಡಿದಿರಬಹುದು ಎಂದು ಅವನಿಗೂ ಅನಿಸಿತು.

ಪಂದ್ಯ ಡ್ರಾ ಆಯಿತು, ಸರಣಿ ಸಮವಾಯಿತು.

“ಗೆದ್ದಿಲ್ಲವ್ವಾ,” ಎಂದ ಸೋಮಪ್ಪ.

“ಸೋತೂ ಇಲ್ಲಲ್ಲಪ್ಪಾ,” ಎಂದಳು ಮಗಳು ಭಾಗ್ಯಾ. “ಡ್ರಾ ಆದ್ರ ಏನಂತ ನೀ ಹೇಳೇ ಇಲ್ಲ. ನಾಳಿಂದ ಹೊಂಟೆ.”

ತಡೆಯಬೇಕೋ, ಬುತ್ತಿ ಕಟ್ಟಿಸಬೇಕೋ ಅವನಿಗೆ ತಿಳಿಯಲಿಲ್ಲ. ಟಿವಿಯನ್ನೇ ನೋಡುತ್ತ ಕೂತ. ಅಲ್ಲಿ ಎರಡೂ ತಂಡಗಳ ನಾಯಕರು ಒಂದೇ ಕಪ್ ಹಿಡಿದು ನಗುತ್ತಿದ್ದರು.