ಮುಯ್ಯಿಗೆ ಹೋದ ನಾಯಿ

ಪಕ್ಕದ ಮನೆಯ ಪವಿತ್ರ ಇವತ್ತು ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಕೈ ಚಾಚಿ ನನ್ನ ಅಂಗೈಯಲ್ಲಿ ಒಂದು ಪ್ಲಾಸ್ಟಿಕ್ ಬಿಲ್ಲೆ ಇಟ್ಟಳು. ತರಕಾರಿ ಅಂಗಡಿಯಲ್ಲಿ ದುಡ್ಡು ಕಳಿಸಲು ಅಂಟಿಸಿರುತ್ತಾರಲ್ಲ, ಅಂಥದೇ ಕಪ್ಪು ಚೌಕಗಳ ಗುರುತು ಅದರ ಮೇಲಿತ್ತು.

"ಆಂಟಿ, ಇದನ್ನ ನಮ್ಮ ನಾಯಿಮರಿ ಕುತ್ತಿಗೆಗೆ ಹಾಕಿದ್ರೆ ಸಿಕ್ಕಿದವರು ಸ್ಕ್ಯಾನ್ ಮಾಡ್ತಾರೆ, ನಮ್ಮ ನಂಬರ್ ಬರುತ್ತೆ. ಇಲ್ಲಾಂದ್ರೆ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಚಿಪ್ ಹಾಕ್ತಾರಂತೆ. ಅದು ಬಿದ್ದುಹೋಗಲ್ಲ, ಆದ್ರೆ ಓದೋಕೆ ಮೆಷಿನ್ ಬೇಕಂತೆ. ಯಾವುದು ಹಾಕಿಸ್ಲಿ? ನಿಮಗೆ ಅನುಭವ ಇದೆಯಲ್ಲ."

ಅನುಭವ ಇದೆ, ನಿಜ. ಅದನ್ನು ಈ ಹುಡುಗಿಗೆ ಯಾರು ಹೇಳಿದರೋ! ಹಿಂದೆ ತಿರುಗಿ ನೋಡಿದರೆ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ, ನನ್ನತ್ತ ನೋಡದೆ ನಗುತ್ತಿದ್ದರು.

ಹೆಸರು ಬರೆದು ಅಂಟಿಸುವ ಚಟ ನನಗೆ ಕಾನ್ವೆಂಟಿನಿಂದ ಬಂದದ್ದು. ನಮ್ಮ ಸಿಸ್ಟರಿಗೆ ಎಲ್ಲದರ ಮೇಲೂ ಹೆಸರು ಬೇಕಿತ್ತು. ಊಟದ ಡಬ್ಬಿ, ಕೊಡೆ, ರಿಬ್ಬನ್, ಕೊನೆಗೆ ಕಾಲುಚೀಲದ ಒಳಗೂ ಕೆಂಪು ದಾರದಲ್ಲಿ ಹೆಸರು ಹೊಲಿಸಬೇಕು. ಹೆಸರಿರುವ ವಸ್ತು ಒಡೆಯರ ಬಳಿಗೆ ಬಂದೇ ಬರುತ್ತದೆ ಎಂದು ಅವರು ಹೇಳುತ್ತಿದ್ದರು. ನನ್ನ ಎಡಗಾಲಿನ ಚೀಲ ಮಾತ್ರ ಪ್ರತಿ ವರ್ಷ ಹೆಸರಿನ ಸಮೇತ ಕಳೆಯುತ್ತಿತ್ತು. ಆದರೂ ಸಿಸ್ಟರ ಮಾತಿನ ಮೇಲಿನ ನಂಬಿಕೆ ನನಗೆ ಕಳೆಯಲಿಲ್ಲ.

ಹಾಗಾಗಿ ಬೀದಿಯಿಂದ ಬಂದು ನಮ್ಮ ಗೇಟಿನಲ್ಲಿ ಮಲಗಿದ ಕಂದು ಬಣ್ಣದ ಮರಿಯನ್ನು ಸಾಕಲು ಹೊರಟಾಗ ನಾನು ಮೊದಲು ಮಾಡಿದ್ದು ಅದಕ್ಕೊಂದು ಹೆಸರಿಟ್ಟದ್ದು. ರಸ್ಟಿ. ಅತ್ತೆಗೆ ಅದು ಹಿಡಿಸಲಿಲ್ಲ. "ನಿನ್ನ ನಾಯಿ, ನಿನ್ನ ಹೆಸರು, ನನಗ್ಯಾಕೆ" ಎಂದರು. ಆದರೆ ದಿನಾ ಬೆಳಿಗ್ಗೆ ಡೈರಿಗೆ ಹಾಲು ತರಲು ಹೋಗುವಾಗ ಅದು ಹಿಂದೆಯೇ ಹೊರಟರೆ, "ಏನಪ್ಪಾ, ಬರ್ತೀಯಾ?" ಎಂದು ಕೇಳುತ್ತಿದ್ದರು. ನಾಯಿ ರಸ್ಟಿ ಎಂದರೆ ಕಿವಿಯನ್ನೂ ಆಡಿಸುತ್ತಿರಲಿಲ್ಲ, "ಏನಪ್ಪಾ" ಎಂದರೆ ಹಾರಿಬರುತ್ತಿತ್ತು. ಮುದ್ದೆ ಮಾಡಿದ ದಿನ ಮೊದಲ ತುತ್ತು ಅದಕ್ಕೇ.

ಬೆಲ್ಟು ತಂದೆವು. ಬೆಲ್ಟಿಗೊಂದು ಬಿಲ್ಲೆ ಬೇಕಲ್ಲ? ನಮ್ಮ ಚಿಂತಾಮಣಿಯಲ್ಲಿ ನಾಯಿಬಿಲ್ಲೆ ಯಾರು ಮಾಡಿಕೊಡುತ್ತಾರೆ? ಅದೇ ವಾರ ನಮ್ಮ ಮನೆಯವರ ಜೊತೆ ಆಫೀಸಿನಲ್ಲಿದ್ದ ಗಂಗಾಧರಪ್ಪನವರ ಗೃಹಪ್ರವೇಶವಿತ್ತು, ನಗರಗೆರೆಯ ಹತ್ತಿರ, ಅವರ ಹೊಲದ ನಡುವೆ. ಉಡುಗೊರೆಗೆಂದು ಸ್ಟೀಲಿನ ದೊಡ್ಡ ಡ್ರಮ್ಮು ಕೊಳ್ಳಲು ಪಾತ್ರೆ ಅಂಗಡಿಗೆ ಹೋದಾಗ ನನಗೆ ಉಪಾಯ ಹೊಳೆಯಿತು. ಜುಯ್ ಎನ್ನುವ ಮೆಷಿನ್ ಹಿಡಿದು ಡ್ರಮ್ಮಿನ ಮೇಲೆ ಹೆಸರು ಕೆತ್ತುತ್ತಿದ್ದ ಅಂಗಡಿಯವರ ಮುಂದೆ ಒಂದು ದುಂಡನೆಯ ಸ್ಟೀಲ್ ತಗಡನ್ನು ಇಟ್ಟೆ.

"ಇದಕ್ಕೂ ಅದೇ ಹೆಸರಾ ಅಮ್ಮ?"

"ಹೌದು. ಕೆಳಗೆ ಫೋನ್ ನಂಬರ್ ಹಾಕಿ."

"ಪಾತ್ರೆ ಮೇಲೆ ನಂಬರ್ ಯಾರು ಹಾಕಿಸ್ತಾರಮ್ಮ? ಚೆನ್ನಾಗ್ ಕಾಣಲ್ಲ. ಜಾಗನೂ ಇಲ್ಲ. ಒಂದು ಹೂವು ಹಾಕ್ತೀನಿ ಬಿಡಿ."

ಹೂವು ಚೆನ್ನಾಗಿಯೇ ಬಂತು. ಡ್ರಮ್ಮಿನ ಮೇಲೆ ನಮ್ಮ ಮನೆಯವರ ಹೆಸರು, ಚಿಂತಾಮಣಿ, ಒಂದು ಹೂವು. ನಾಯಿಯ ಬಿಲ್ಲೆಯ ಮೇಲೂ ಅದೇ ಅಕ್ಷರ, ಅದೇ ಊರು, ಅದೇ ಹೂವು. ಎದುರು ಮಾತಾಡುವುದು ನನಗೆ ಕಷ್ಟ, ಥ್ಯಾಂಕ್ಸ್ ಹೇಳಿ ಬಂದೆ.

ಗೃಹಪ್ರವೇಶದ ಹೊತ್ತಿಗೆ ಅತ್ತೆಗೆ ಜ್ವರ ಬಂತು, ನಮಗೆ ಹೋಗಲಾಗಲಿಲ್ಲ. ಗಂಗಾಧರಪ್ಪನವರು ನಮ್ಮೂರಲ್ಲೇ ಕೊಂಡಿದ್ದ ಮಂಚ, ಹಾಸಿಗೆಗಳು ಟೆಂಪೋದಲ್ಲಿ ಹೊರಟಿದ್ದವು. ಆ ಟೆಂಪೋ ನಮ್ಮ ಗೇಟಿನ ಮುಂದೆ ನಿಂತಿತು, ಡ್ರಮ್ಮನ್ನೂ ಹಾಕಿ ಕಳಿಸಿದೆವು. ಸಂಜೆ ನೋಡಿದರೆ ರಸ್ಟಿ ಇಲ್ಲ.

ಮುಂದಿನ ದಿನಗಳನ್ನು ಈಗ ನೆನೆದರೆ ನಗು ಬರುತ್ತದೆ, ಆಗ ಬರಲಿಲ್ಲ. ನಾನು ಗುಂಪುಗಳಿಗೆಲ್ಲ ಫೋಟೋ ಹಾಕಿದೆ. ಇವರು ಸ್ಕೂಟರಿನಲ್ಲಿ ಮುರುಗಮಲ್ಲದ ರಸ್ತೆಯವರೆಗೂ ಹುಡುಕಿ ಬಂದರು. ಜ್ವರ ಇಳಿದ ಅತ್ತೆ ಶಾಲು ಹೊದ್ದು ಬೀದಿಬೀದಿಯಲ್ಲಿ "ಏನಪ್ಪಾ! ಏನಪ್ಪಾ!" ಎಂದು ಕೂಗುತ್ತ ನಡೆದರು. ಊರಿನ ಗಂಡಸರೆಲ್ಲ ನಿಂತು, "ಏನಮ್ಮಾ?" ಎಂದು ತಿರುಗಿ ನೋಡಿದ್ದೇ ಬಂತು. ರಾತ್ರಿ ಊಟಕ್ಕೆ ಕೂತರೆ ಮೊದಲ ತುತ್ತು ಮುರಿದು ತಟ್ಟೆಯ ಅಂಚಿಗಿಟ್ಟು ಹಾಗೇ ನೋಡುತ್ತಿದ್ದರು. ಆಮೇಲೆ ಉಳಿದದ್ದನ್ನೂ ಹಾಗೇ ಬಿಟ್ಟು ಏಳುತ್ತಿದ್ದರು. ನಾಯಿ ಸಿಗದಿದ್ದರೆ ಈ ಮುದುಕಿಯ ಗತಿಯೇನು ಎಂಬ ಚಿಂತೆ ನನಗೆ ಹತ್ತಿತು.

ಆಗ ಫೋನ್ ಬಂತು. ಗಂಗಾಧರಪ್ಪನವರ ಹೆಂಡತಿ ಲಕ್ಷ್ಮಮ್ಮ.

"ಅಕ್ಕ, ನೆಂಟರ ಗಲಾಟೇಲಿ ಫೋನ್ ಮಾಡೋಕೇ ಆಗ್ಲಿಲ್ಲ, ಡ್ರಮ್ಮು ಬಂತು. ಅದಿರ್ಲಿ, ನಾಯಿ ಕಳ್ಸಿದೀರಲ್ಲ! ಹೊಲದ ಮನೆಗೆ ಒಂದು ನಾಯಿ ಬೇಕು ಅಂತ ನಮ್ಮ ಯಜಮಾನ್ರು ಯಾವತ್ತೋ ಅಂದಿದ್ರಂತೆ, ನಿಮ್ಮ ಸಾರ್ ನೆನಪಿಟ್ಕೊಂಡಿದಾರೆ ನೋಡಿ. ಟೆಂಪೋದಿಂದ ಇಳಿದು ಡ್ರಮ್ಮಿನ ಪಕ್ಕದಲ್ಲೇ ಕೂತ್ಕೊಂಡಿತ್ತು. ಕುತ್ತಿಗೇಲೂ ಹೆಸರು ಕೆತ್ತಿಸಿ ಹಾಕಿದೀರ! ನಮ್ಮತ್ತೆ ಅಂತೂ ಒಳ್ಳೇ ನಾಯಿ ಅಂತ ಅವರ ತೆಲುಗಲ್ಲಿ 'ಮಂಚಿ ಕುಕ್ಕ, ಮಂಚಿ ಕುಕ್ಕ' ಅಂದ್ಕೊಂಡು ತಲೆ ಸವರೋದೇ ಸವರೋದು."

ಅವರ ಮೇಲೆ ತಪ್ಪು ಹೊರಿಸುವ ಹಾಗಿರಲಿಲ್ಲ. ನಮ್ಮ ಕಡೆ ಪಾತ್ರೆಯ ಮೇಲಿನ ಹೆಸರು ಒಡೆಯರದಲ್ಲ, ಶುಭಕಾರ್ಯಕ್ಕೆ ಮುಯ್ಯಿಯೆಂದು ಉಡುಗೊರೆ ಕೊಟ್ಟವರದು. ನನ್ನ ಅಡುಗೆಮನೆಯಲ್ಲಿ ನನ್ನ ಹೆಸರಿನ ಒಂದು ಲೋಟವೂ ಇಲ್ಲ. ಸಾರು ಕುದಿಯುವುದು ಸಾದಲಿಯ ಚಿಕ್ಕಪ್ಪನ ಹೆಸರಿನಲ್ಲಿ, ಅನ್ನ ಬಸಿಯುವುದು ಸೋದರತ್ತೆಯ ಹೆಸರಿನಲ್ಲಿ. ಇಷ್ಟು ವರ್ಷ ಅವುಗಳನ್ನೇ ಬೆಳಗಿದವಳಿಗೆ ನಾಯಿಯ ಕುತ್ತಿಗೆಗೆ ಹೆಸರು ಕಟ್ಟುವಾಗ ಅದು ಹೊಳೆಯಲಿಲ್ಲ.

ಇದೆಲ್ಲ ಹೇಳಿ ನಾಯಿಯನ್ನು ಕೇಳಬಹುದಿತ್ತು. ಆದರೆ ಯಾರಾದರೂ ಥ್ಯಾಂಕ್ಸ್ ಹೇಳಿದರೆ ನನ್ನ ನಾಲಿಗೆ ತಾನಾಗಿಯೇ ಹೊರಳುತ್ತದೆ. "ಅಯ್ಯೋ, ಇರ್ಲಿ ಬಿಡಿ ಲಕ್ಷ್ಮಮ್ಮ, ಅದರಲ್ಲೇನಿದೆ" ಎಂದುಬಿಟ್ಟೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಏನಂದೆ? ಇರ್ಲಿ ಬಿಡಿ ಅಂದ್ಯಾ? ನನ್ನ ನಾಯಿನ ಧಾರೆ ಎರೆದುಬಿಟ್ಯಾ?"

'ನಿನ್ನ ನಾಯಿ' ಎಂದವರಿಗೆ ಅದು ಯಾವಾಗ 'ನನ್ನ ನಾಯಿ' ಆಯಿತೋ, ಕೇಳುವ ಧೈರ್ಯ ನನಗಿರಲಿಲ್ಲ. ಇವರಿಗೆ ಹೇಳಿದರೆ, "ಕೊಟ್ಟಿದ್ದನ್ನ ವಾಪಸ್ ಕೇಳೋಕಾಗುತ್ತಾ? ಗಂಗಾಧರಪ್ಪನ ಮುಖ ನೋಡೋದು ಹೇಗೆ?" ಎಂದು ಪೇಪರಿನ ಹಿಂದೆ ಅಡಗಿದರು.

"ವಾಪಸ್ ಕೇಳಬಾರದು" ಎಂದರು ಅತ್ತೆ. ಅಷ್ಟು ದಿನಗಳ ಮೇಲೆ ಅವತ್ತು ಅವರ ದನಿಗೆ ಜೀವ ಬಂದಿತ್ತು. "ಮುಯ್ಯಿಗೆ ಮುಯ್ಯಿ ಬರ್ಬೇಕು. ಅದಕ್ಕೆ ನಮ್ಮನೇಲಿ ಒಂದು ಕಾರ್ಯ ಆಗ್ಬೇಕು, ಅಷ್ಟೇ."

"ಯಾವ ಕಾರ್ಯ ಅಮ್ಮ?" ಇವರು ಪೇಪರು ಇಳಿಸಿದರು.

"ಸತ್ಯನಾರಾಯಣ ಪೂಜೆ ಮಾಡ್ಸು. ದೇವರಿಗೇನು ಬೇಜಾರಾ?"

ಹೀಗೆ ಒಂದು ನಾಯಿಗಾಗಿ ಊರಿಗೆಲ್ಲ ಸಪಾದದ ಸಜ್ಜಿಗೆ ಬಡಿಸಿದೆವು. ಅತ್ತೆ ಲಕ್ಷ್ಮಮ್ಮನಿಗೆ ತಾವೇ ಫೋನ್ ಮಾಡಿ ಕರೆದರು. ಕೊನೆಯಲ್ಲಿ ಏನೋ ಆಗಷ್ಟೇ ನೆನಪಾದವರಂತೆ, "ಬರ್ವಾಗ ಅವನ್ನೂ ಕರ್ಕೊಂಡ್ಬಾರಮ್ಮ, ನೋಡ್ದಂಗಾಗುತ್ತೆ" ಎಂದರು.

ಬಂದರು. ಕಾರಿನ ಬಾಗಿಲು ತೆರೆದದ್ದೇ ತಡ, ರಸ್ಟಿ ಹೊಸ್ತಿಲು, ರಂಗೋಲಿ, ಕಳಶ ಯಾವುದನ್ನೂ ನೋಡದೆ ಒಳಗೆ ನುಗ್ಗಿ ಅತ್ತೆಯ ರೇಷ್ಮೆ ಸೀರೆಯ ಮಡಿಲಿಗೆ ತಲೆ ತುರುಕಿತು. ಅತ್ತೆ "ಏನಪ್ಪಾ..." ಎಂದವರು ಸೆರಗು ಬಾಯಿಗೆ ಹಿಡಿದರು. ಪುರೋಹಿತರು ಶಂಖ ಕೈಯಲ್ಲೇ ಹಿಡಿದು ನಿಂತರು.

ಲಕ್ಷ್ಮಮ್ಮ ಬಾಗಿಲಲ್ಲೇ ನಿಂತು ನೋಡಿದರು. ಅತ್ತೆಯನ್ನು, ನಾಯಿಯನ್ನು, ಆಮೇಲೆ ನನ್ನನ್ನು. ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಊಟವಾದ ಮೇಲೆ ಅವರು ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು ಇಟ್ಟು, ಅದರ ಜೊತೆಗೆ ನಾಯಿಯ ಸರಪಳಿಯ ತುದಿಯನ್ನೂ ಇಟ್ಟು ಅತ್ತೆಯ ಮುಂದೆ ಹಿಡಿದರು. "ನಮ್ಮನೆ ಮುಯ್ಯಿ, ತಗೊಳ್ಳಿ ಅಮ್ಮ. ಬೇಡ ಅನ್ನಬಾರದು."

ಅತ್ತೆ ಬೇಡ ಅನ್ನಲಿಲ್ಲ. ಎರಡೂ ಕೈ ಚಾಚಿದರು.

ಮುಂದಿನ ತಿಂಗಳು ಅತ್ತೆ ನಮ್ಮ ಬೀದಿಯದೇ ಒಂದು ಚುರುಕು ಮರಿಯನ್ನು ಹುಡುಕಿ ನಗರಗೆರೆಗೆ ಕಳಿಸಿದರು. ಅಲ್ಲಿಂದ ಬಂದವರ ಕೈಯಲ್ಲಿ ಲಕ್ಷ್ಮಮ್ಮ ಒಂದು ಬಿಲ್ಲೆ ಕಳಿಸಿದರು, ಗೌರಿಬಿದನೂರಿನ ಪಾತ್ರೆ ಅಂಗಡಿಯಲ್ಲಿ ಕೆತ್ತಿಸಿದ್ದು: ಗಂಗಾಧರಪ್ಪ ಮತ್ತು ಮನೆಯವರು, ನಗರಗೆರೆ. ಹೆಸರಿಲ್ಲದ ಮುಯ್ಯಿ ಲೆಕ್ಕಕ್ಕೆ ಬರುವುದಿಲ್ಲವಲ್ಲ. ರಸ್ಟಿಯ ಕುತ್ತಿಗೆಯಿಂದ ನಮ್ಮ ಬಿಲ್ಲೆ ತೆಗೆದು ಇದನ್ನು ಕಟ್ಟಿದವರು ಅತ್ತೆಯೇ.

ಇಷ್ಟನ್ನೂ ಕೇಳಿದ ಪವಿತ್ರ ಗೇಟು ದಾಟಿ ಬಂದು, ಜಗಲಿಯ ಮೇಲೆ ಮಲಗಿದ್ದ ರಸ್ಟಿಯ ಕುತ್ತಿಗೆ ಎತ್ತಿ ಓದಿ ಕಣ್ಣರಳಿಸಿದಳು. "ಅಜ್ಜಿ, ಇನ್ನೂ ಇದೇ ಇದೆಯಲ್ಲ! ಮತ್ತೆ ಕಳೆದುಹೋದ್ರೆ ಸಿಕ್ಕಿದವರು ನಗರಗೆರೆಗೆ ಬಿಟ್ಬಿಟ್ಟು ಬರ್ತಾರೆ ಅಷ್ಟೇ."

ಅತ್ತೆ ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ. "ಬಿಡ್ಲಿ ಬಿಡಮ್ಮ. ಅಲ್ಲೂ ನಮ್ಮೋರೇ ಇರೋದು."

ನಾನು ಪವಿತ್ರಳಿಗೆ ಅವಳ ಬಿಲ್ಲೆ ವಾಪಸ್ ಕೊಟ್ಟೆ. ಚಿಪ್ ಹಾಕಿಸು, ಬೆಲ್ಟೂ ಹಾಕು, ಅದರ ಮೇಲೆ ಫೋನ್ ನಂಬರ್ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬರೆಸು, ಹೂವು ಹಾಕ್ತೀನಿ ಅಂದ್ರೆ ಬೇಡ ಅನ್ನು ಎಂದೆ. ಅವಳು ಹೋದ ಮೇಲೆ ಅತ್ತೆಯ ಪಕ್ಕದಲ್ಲಿ ಕೂತು ಅವರೆಕಾಯಿಗೆ ಕೈ ಹಾಕಿದೆ.

"ಅತ್ತೆ, ಒಂದ್ಸಲ ನಗರಗೆರೆಗೆ ಹೋಗಿಬರಣ. ಏನೂ ಕಾರ್ಯ ಇಲ್ಲ, ಸುಮ್ನೆ."

"ನಾನೂ ಅದೇ ಅಂದ್ಕೊಂಡೆ ಕಣೇ. ಅವನನ್ನೂ ಕರ್ಕೊಂಡು ಹೋಗಣ" ಎಂದರು ಅತ್ತೆ. "ನೀನು ಮಾತ್ರ ಅಲ್ಲಿ ಬಾಯಿ ಬಿಡಬೇಡ."